ಕೇಳುವ ಮೊದಲು ಮಾಡಿದವರು: ಲಾಲ್ ಬಹಾದ್ದೂರ್ ಶಾಸ್ತ್ರಿ

ಅಕ್ಟೋಬರ್ 2ರಂದು ನಾಡಿನ ಉದ್ದಗಲಕ್ಕೂ ಗಾಂಧಿ ಜಯಂತಿಯ ಆಚರಣೆ ನಡೆಯುತ್ತದೆ. ಅದೇ ದಿನ ಹುಟ್ಟಿದ ಮತ್ತೊಬ್ಬ ಮಹನೀಯರ ಭಾವಚಿತ್ರವೂ ಆ ವೇದಿಕೆಯ ಮೇಲೆ ಪಕ್ಕದಲ್ಲಿ ಇರುತ್ತದೆ. ಹೂವಿನ ಹಾರ ಅದಕ್ಕೂ ಸಲ್ಲುತ್ತದೆ. ಭಾಷಣದ ಕೊನೆಗೆ ಸಮಯ ಉಳಿದರೆ ಅವರ ಸರಳತೆಯನ್ನು ಕುರಿತು ಒಂದೆರಡು ಮಾತುಗಳೂ ಕೇಳಿಬರುತ್ತವೆ. ಆಮೇಲೆ ಮುಂದಿನ ವರ್ಷದವರೆಗೆ ನಾವು ಅವರನ್ನು ಮರೆತುಬಿಡುತ್ತೇವೆ. ಭಾರತದ ಎರಡನೆಯ ಪ್ರಧಾನಮಂತ್ರಿಗಳಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ ನಾವು ಸಲ್ಲಿಸುತ್ತಿರುವ ಗೌರವ ಬಹುಮಟ್ಟಿಗೆ ಇಷ್ಟೇ.

ಸರಳರಾಗಿದ್ದರು ಎಂದು ಹೇಳಿ ಮುಗಿಸಿದರೆ ಶಾಸ್ತ್ರಿಯವರ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಉಳಿದೇಬಿಡುತ್ತದೆ. ಅಧಿಕಾರದಲ್ಲಿದ್ದವರು ಜನರಿಂದ ತ್ಯಾಗವನ್ನು ಕೇಳಬೇಕಾದ ಸಂದರ್ಭಗಳು ಬರುತ್ತವೆ. ಹಾಗೆ ಕೇಳುವ ಅರ್ಹತೆ ಯಾರಿಗೆ ಇರುತ್ತದೆ? ಈ ಪ್ರಶ್ನೆಗೆ ಶಾಸ್ತ್ರಿಯವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು. ಆ ಉತ್ತರವನ್ನು ನಾವು ಇಂದು ನೆನೆಯಬೇಕಾಗಿದೆ.

ತಂದೆಯಿಲ್ಲದ ಬಾಲ್ಯ

ಕಾಶಿಗೆ ಸಮೀಪದ ರೈಲ್ವೆ ಊರಾದ ಮೊಗಲ್‌ಸರಾಯ್‌ನಲ್ಲಿ 1904ರ ಅಕ್ಟೋಬರ್ 2ರಂದು ಲಾಲ್ ಬಹಾದ್ದೂರರು ಜನಿಸಿದರು. ತಂದೆ ಶಾರದಾ ಪ್ರಸಾದರು ಮೊದಲು ಶಾಲಾ ಶಿಕ್ಷಕರಾಗಿದ್ದು, ಬಳಿಕ ಅಲಹಾಬಾದಿನ ಕಂದಾಯ ಕಚೇರಿಯಲ್ಲಿ ಗುಮಾಸ್ತರಾದವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ತಾಯಿ ರಾಮದುಲಾರಿ ದೇವಿಯವರು ಮಕ್ಕಳನ್ನು ಕರೆದುಕೊಂಡು ತವರು ಮನೆಯನ್ನು ಆಶ್ರಯಿಸಿದರು. ಹಂಗಿನ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಒಂದು ವಿವೇಕ ಬೇಗ ಬರುತ್ತದೆ. ತನ್ನ ಪಾಲಿಗೆ ಬಂದುದರಲ್ಲಿ ತೃಪ್ತಿಪಡುವುದನ್ನೂ ಇನ್ನೊಬ್ಬರಿಗೆ ಹೊರೆಯಾಗದೆ ಇರುವುದನ್ನೂ ಆ ಬಾಲಕ ಅಲ್ಲಿಯೇ ಕಲಿತನು.

ಮುಂದಿನ ವಿದ್ಯಾಭ್ಯಾಸ ಕಾಶಿಯ ಹರಿಶ್ಚಂದ್ರ ಪ್ರೌಢಶಾಲೆಯಲ್ಲಿ ನಡೆಯಿತು. ಶಾಲೆಯ ದಿನಗಳಲ್ಲೇ ಲಾಲ್ ಬಹಾದ್ದೂರರು ತಮ್ಮ ಹೆಸರಿನೊಂದಿಗಿದ್ದ ವರ್ಮಾ ಎಂಬ ಜಾತಿಸೂಚಕ ಪದವನ್ನು ಕೈಬಿಟ್ಟರು. ಯಾವ ಚಳವಳಿಯ ಒತ್ತಾಯವೂ ಇಲ್ಲದೆ ಒಬ್ಬ ಹುಡುಗ ತಾನಾಗಿ ತೆಗೆದುಕೊಂಡ ನಿರ್ಧಾರ ಅದು. ಮನುಷ್ಯನನ್ನು ಹುಟ್ಟಿನಿಂದ ಅಳೆಯಬಾರದೆಂಬ ಮಾತನ್ನು ವೇದಿಕೆಯ ಮೇಲೆ ಆಡುವುದು ಸುಲಭ. ಹೆಸರಿನ ಜೊತೆಗೇ ಬರುವ ಆ ಸಣ್ಣ ಸವಲತ್ತನ್ನು ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ.

1921ರಲ್ಲಿ ಗಾಂಧೀಜಿಯವರು ಕಾಶಿಗೆ ಬಂದು, ಸರ್ಕಾರಿ ಶಾಲೆಗಳನ್ನು ತೊರೆಯುವಂತೆ ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಲಾಲ್ ಬಹಾದ್ದೂರರಿಗೆ ಆಗ ಹದಿನಾರು ವರ್ಷ. ಅಂತಿಮ ಪರೀಕ್ಷೆಗೆ ಕೆಲವೇ ತಿಂಗಳುಗಳು ಬಾಕಿಯಿದ್ದವು. ಓದು ಮುಗಿಸಿ ಮಗ ಒಂದು ನೌಕರಿ ಹಿಡಿದರೆ ಮನೆಗೆ ಆಸರೆಯಾದೀತೆಂದು ತಾಯಿ ಕಾದಿದ್ದರು. ಆದರೂ ಅವರು ಶಾಲೆಯನ್ನು ಬಿಟ್ಟು ಅಸಹಕಾರ ಚಳವಳಿಯನ್ನು ಸೇರಿದರು. ಬಂಧನಕ್ಕೂ ಒಳಗಾದರು. ಚಿಕ್ಕ ವಯಸ್ಸಿನವರೆಂಬ ಕಾರಣಕ್ಕೆ ಬಿಡುಗಡೆಯಾಯಿತು.

ಸರ್ಕಾರಿ ಶಾಲೆಗಳನ್ನು ತೊರೆದ ಯುವಕರಿಗಾಗಿ ಅದೇ ವರ್ಷ ಕಾಶಿ ವಿದ್ಯಾಪೀಠ ಆರಂಭವಾಯಿತು. ಲಾಲ್ ಬಹಾದ್ದೂರರು ಅಲ್ಲಿ ತತ್ತ್ವಶಾಸ್ತ್ರ ಮತ್ತು ನೀತಿಶಾಸ್ತ್ರಗಳನ್ನು ಅಭ್ಯಾಸ ಮಾಡಿ 1925ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ವಿದ್ಯಾಪೀಠ ಕೊಟ್ಟ ಪದವಿಯ ಹೆಸರೇ ಶಾಸ್ತ್ರಿ. ಅದು ಅವರ ಮನೆತನದ ಹೆಸರೆಂದು ನಮ್ಮಲ್ಲಿ ಅನೇಕರು ಇಂದಿಗೂ ಭಾವಿಸಿದ್ದಾರೆ. ಹುಟ್ಟಿನಿಂದ ಬಂದ ಹೆಸರನ್ನು ಕಳಚಿಟ್ಟ ವ್ಯಕ್ತಿಯ ಜೊತೆ, ಓದಿ ಗಳಿಸಿದ ಹೆಸರು ಕೊನೆಯವರೆಗೂ ಉಳಿಯಿತು.

ಸೇವೆಯೇ ಉದ್ಯೋಗ

ಪದವಿ ಪಡೆದ ಮೇಲೆ ಶಾಸ್ತ್ರಿಯವರು ಲಾಲಾ ಲಜಪತರಾಯರು ಸ್ಥಾಪಿಸಿದ್ದ ಲೋಕ ಸೇವಕ ಮಂಡಲವನ್ನು ಸೇರಿದರು. ಸದಸ್ಯರು ಅಲ್ಪ ವೇತನದಲ್ಲಿ ಜೀವನ ನಡೆಸುತ್ತ ಸಮಾಜದ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳುವುದು ಆ ಸಂಸ್ಥೆಯ ಕ್ರಮ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರ ನಡುವೆ ಅವರು ತಮ್ಮ ಸೇವೆಯನ್ನು ಆರಂಭಿಸಿದರು. ಮುಂದೆ ಆ ಮಂಡಲದ ಅಧ್ಯಕ್ಷರೂ ಆದರು.

1928ರಲ್ಲಿ ಮಿರ್ಜಾಪುರದ ಲಲಿತಾ ದೇವಿಯವರೊಡನೆ ಅವರ ವಿವಾಹವಾಯಿತು. ವರದಕ್ಷಿಣೆ ರೂಢಿಯಲ್ಲಿದ್ದ ಕಾಲ ಮತ್ತು ಪ್ರದೇಶ ಅದು. ಶಾಸ್ತ್ರಿಯವರು ಒಂದು ಚರಕ ಮತ್ತು ಕೆಲವು ಗಜ ಖಾದಿ ಬಟ್ಟೆಯ ಹೊರತು ಬೇರೇನನ್ನೂ ಸ್ವೀಕರಿಸಲಿಲ್ಲ. ಲಲಿತಾ ದೇವಿಯವರ ಪಾತ್ರವನ್ನು ಬಿಟ್ಟು ಶಾಸ್ತ್ರಿಯವರ ಕಥೆಯನ್ನು ಹೇಳುವುದು ನ್ಯಾಯವಾಗದು. ಪತಿ ಜೈಲಿನಲ್ಲಿದ್ದಾಗ ಮನೆಯನ್ನು ನಡೆಸಿದವರು, ಪತಿ ಅಧಿಕಾರದಲ್ಲಿದ್ದಾಗ ಮನೆಗೆ ಆಡಂಬರ ಬಾರದಂತೆ ಕಾಯ್ದವರು ಅವರೇ. ಮಂಡಲದಿಂದ ಬರುತ್ತಿದ್ದ ಅಲ್ಪ ಮಾಸಾಶನದಲ್ಲೂ ಲಲಿತಾ ದೇವಿಯವರು ಒಂದಿಷ್ಟು ಉಳಿಸುತ್ತಿದ್ದಾರೆಂದು ತಿಳಿದಾಗ, ಅಷ್ಟು ಹಣ ತಮ್ಮ ಮನೆಗೆ ಅಗತ್ಯವಿಲ್ಲವೆಂದು ಶಾಸ್ತ್ರಿಯವರು ಸಂಸ್ಥೆಗೆ ಬರೆದು ಕಡಿಮೆ ಮಾಡಿಸಿದರೆಂಬ ಪ್ರಸಂಗ ಬಹಳ ಪ್ರಸಿದ್ಧವಾಗಿದೆ.

1930ರ ಉಪ್ಪಿನ ಸತ್ಯಾಗ್ರಹದಿಂದ 1942ರ ಚಲೇಜಾವ್ ಚಳವಳಿಯವರೆಗೆ ಶಾಸ್ತ್ರಿಯವರು ಮತ್ತೆ ಮತ್ತೆ ಬಂಧನಕ್ಕೊಳಗಾದರು. ಒಟ್ಟು ಸುಮಾರು ಒಂಬತ್ತು ವರ್ಷಗಳನ್ನು ಅವರು ಸೆರೆಮನೆಯಲ್ಲಿ ಕಳೆದರು. ಆ ಕಾಲವನ್ನು ಅವರು ಓದಿಗೆ ಮುಡಿಪಾಗಿಟ್ಟರು. ಪಾಶ್ಚಾತ್ಯ ದಾರ್ಶನಿಕರ ಗ್ರಂಥಗಳನ್ನು ಅಭ್ಯಾಸ ಮಾಡಿದರು. ವಿಜ್ಞಾನಿ ಮೇರಿ ಕ್ಯೂರಿಯವರ ಜೀವನಚರಿತ್ರೆಯನ್ನು ಹಿಂದಿಗೆ ತಂದರು. ಆದರೆ ಈ ಒಂಬತ್ತು ವರ್ಷಗಳ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ, ಇಡೀ ಕುಟುಂಬ. ಸೆರೆಯಲ್ಲಿದ್ದಾಗ ಪುಟ್ಟ ಮಗಳು ಕಾಯಿಲೆ ಬಿದ್ದಳೆಂದು ಅವರಿಗೆ ಹದಿನೈದು ದಿನಗಳ ಬಿಡುವು ದೊರೆಯಿತು, ಅವರು ಊರು ತಲುಪುವುದರೊಳಗೆ ಮಗು ತೀರಿಹೋಗಿತ್ತು, ಅಂತ್ಯಕ್ರಿಯೆ ಮುಗಿಸಿದ ಶಾಸ್ತ್ರಿಯವರು ಉಳಿದ ದಿನಗಳನ್ನು ಮನೆಯಲ್ಲಿ ಕಳೆಯದೆ ತಾವಾಗಿ ಸೆರೆಮನೆಗೆ ಮರಳಿದರು ಎಂದು ಹೇಳಲಾಗುತ್ತದೆ. ಬಿಡುವು ಕೊಟ್ಟದ್ದು ಮಗಳ ಆರೈಕೆಗಾಗಿ, ಆ ಕಾರಣವೇ ಇಲ್ಲವಾದ ಮೇಲೆ ಉಳಿಯುವುದು ಸಲ್ಲದು ಎಂಬುದು ಅವರ ಭಾವನೆಯಾಗಿತ್ತಂತೆ. ಇದನ್ನು ಓದುವಾಗ ನಮಗೆ ಗೌರವದ ಜೊತೆಗೆ ಸಂಕಟವೂ ಆಗುತ್ತದೆ. ಆ ಮನೆಯಲ್ಲಿ ಉಳಿದ ತಾಯಿಯ ದುಃಖವನ್ನು ನೆನೆಯದೆ ಈ ಪ್ರಸಂಗವನ್ನು ದಾಟಲಾಗದು.

ಹೊಣೆ ಹೊತ್ತ ಮಂತ್ರಿ

ಸ್ವಾತಂತ್ರ್ಯ ಬಂದ ಮೇಲೆ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲದಲ್ಲಿ ಶಾಸ್ತ್ರಿಯವರು ಇಂದಿನ ಉತ್ತರ ಪ್ರದೇಶದ ಪೊಲೀಸ್ ಮತ್ತು ಸಾರಿಗೆ ಖಾತೆಗಳನ್ನು ನಿರ್ವಹಿಸಿದರು. ಬಸ್ಸುಗಳಲ್ಲಿ ಮಹಿಳೆಯರನ್ನು ನಿರ್ವಾಹಕಿಯರನ್ನಾಗಿ ನೇಮಿಸಿದ್ದು, ಗುಂಪು ಚದುರಿಸಲು ಲಾಠಿಯ ಬದಲು ನೀರಿನ ಧಾರೆಯನ್ನು ಬಳಸುವಂತೆ ಪೊಲೀಸರಿಗೆ ಸೂಚಿಸಿದ್ದು ಆ ಕಾಲದ ಅವರ ಕ್ರಮಗಳು. ಸ್ವತಃ ಲಾಠಿಯ ಎದುರು ನಿಂತವರು ಅಧಿಕಾರಕ್ಕೆ ಬಂದಾಗ ಲಾಠಿಯನ್ನು ನೋಡುವ ರೀತಿಯೇ ಬೇರೆ.

1952ರಲ್ಲಿ ಪಂಡಿತ ನೆಹರೂ ಅವರು ಶಾಸ್ತ್ರಿಯವರನ್ನು ಕೇಂದ್ರಕ್ಕೆ ಕರೆಸಿಕೊಂಡು ರೈಲ್ವೆ ಖಾತೆಯನ್ನು ವಹಿಸಿದರು. ಬಡವರು ಪ್ರಯಾಣಿಸುತ್ತಿದ್ದ ಮೂರನೆಯ ದರ್ಜೆಯ ಸೌಕರ್ಯಗಳ ಕಡೆಗೆ ಅವರು ವಿಶೇಷ ಗಮನ ಹರಿಸಿದರು. ಆದರೆ ಅವರ ರೈಲ್ವೆ ಮಂತ್ರಿಪದವಿಯನ್ನು ದೇಶ ನೆನೆಯುವುದು ಅವರು ಅದನ್ನು ಬಿಟ್ಟುಕೊಟ್ಟ ರೀತಿಗಾಗಿ.

1956ರ ಸೆಪ್ಟೆಂಬರ್ ತಿಂಗಳಲ್ಲಿ ಅಂದಿನ ಹೈದರಾಬಾದ್ ರಾಜ್ಯದ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ರೈಲು ಉರುಳಿ ನೂರಕ್ಕೂ ಹೆಚ್ಚು ಜನರು ಮಡಿದರು. ಶಾಸ್ತ್ರಿಯವರು ಕೂಡಲೇ ರಾಜೀನಾಮೆ ಸಲ್ಲಿಸಿದರು. ನೆಹರೂ ಅವರು ಅದನ್ನು ಒಪ್ಪಲಿಲ್ಲ. ಮೂರು ತಿಂಗಳು ಕಳೆಯುವುದರೊಳಗೆ, ನವೆಂಬರ್ 23ರಂದು, ತಮಿಳುನಾಡಿನ ಅರಿಯಲೂರಿನ ಸಮೀಪ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ಮತ್ತೊಂದು ರೈಲು ನೀರಿಗೆ ಬಿದ್ದಿತು. ಮತ್ತೆ ನೂರಕ್ಕೂ ಹೆಚ್ಚು ಜೀವಗಳು ಹೋದವು. ಈ ಬಾರಿ ಶಾಸ್ತ್ರಿಯವರು ತಮ್ಮ ನಿರ್ಧಾರವನ್ನು ಬದಲಿಸಲು ಒಪ್ಪಲಿಲ್ಲ. ರಾಜೀನಾಮೆಯನ್ನು ಅಂಗೀಕರಿಸಿದ ನೆಹರೂ ಅವರು, ಅಪಘಾತಕ್ಕೆ ಶಾಸ್ತ್ರಿಯವರು ಕಾರಣರಲ್ಲವೆಂದೂ, ಸಾಂವಿಧಾನಿಕ ಹೊಣೆಗಾರಿಕೆಗೆ ಅದೊಂದು ಮಾದರಿಯಾಗಲೆಂದು ತಾವು ಒಪ್ಪುತ್ತಿರುವುದಾಗಿಯೂ ಸಂಸತ್ತಿಗೆ ತಿಳಿಸಿದರು.

ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಸೇತುವೆಗಳನ್ನು ಕಟ್ಟಿದವರು ಶಾಸ್ತ್ರಿಯವರಲ್ಲ. ಮಳೆ ಅವರ ಕೈಯಲ್ಲಿರಲಿಲ್ಲ. ಕೆಳಗಿನ ಅಧಿಕಾರಿಗಳನ್ನು ತೋರಿಸಿ ತಾವು ಪಾರಾಗಲು ಬೇಕಾದಷ್ಟು ದಾರಿಗಳಿದ್ದವು. ಆದರೆ ಒಂದು ಸಂಸ್ಥೆಯ ಯಶಸ್ಸಿಗೆ ಹಾರ ಹಾಕಿಸಿಕೊಳ್ಳುವವರು ಅದರ ವೈಫಲ್ಯಕ್ಕೂ ತಲೆಬಾಗಬೇಕೆಂಬುದು ಅವರ ನಿಲುವಾಗಿತ್ತು. ರಾಜೀನಾಮೆಯಿಂದ ಸತ್ತವರು ಬದುಕಿ ಬರುವುದಿಲ್ಲ, ನಿಜ. ಆದರೆ ತಮ್ಮವರ ಸಾವಿಗೆ ದೊಡ್ಡ ಸ್ಥಾನದಲ್ಲಿರುವವರು ಯಾರಾದರೂ ಉತ್ತರ ಕೊಡುತ್ತಾರೆಂಬ ನಂಬಿಕೆ ಜನರಲ್ಲಿ ಉಳಿಯುತ್ತದೆ. ರಾಜ್ಯವ್ಯವಸ್ಥೆಯೊಂದು ನಿಲ್ಲುವುದು ಆ ನಂಬಿಕೆಯ ಮೇಲೆಯೇ.

1957ರ ಚುನಾವಣೆಯ ನಂತರ ಅವರು ಮತ್ತೆ ಮಂತ್ರಿಗಳಾದರು. ಸಾರಿಗೆ ಮತ್ತು ಸಂಪರ್ಕ, ವಾಣಿಜ್ಯ ಮತ್ತು ಕೈಗಾರಿಕೆ ಖಾತೆಗಳನ್ನು ನೋಡಿಕೊಂಡು, 1961ರಲ್ಲಿ ಗೃಹಮಂತ್ರಿಗಳಾದರು. ಆಡಳಿತದಲ್ಲಿ ಭ್ರಷ್ಟಾಚಾರವನ್ನು ತಡೆಯುವ ಮಾರ್ಗಗಳನ್ನು ಶೋಧಿಸಲು ಸಂತಾನಂ ಸಮಿತಿ ರಚನೆಯಾದದ್ದು ಅವರ ಕಾಲದಲ್ಲಿಯೇ. ಇಂದಿನ ಕೇಂದ್ರ ಜಾಗೃತ ಆಯೋಗಕ್ಕೆ ಆ ಸಮಿತಿಯ ಶಿಫಾರಸೇ ಮೂಲ. 1963ರಲ್ಲಿ ಹಿರಿಯ ಮಂತ್ರಿಗಳು ಅಧಿಕಾರ ತ್ಯಜಿಸಿ ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬ ಕಾಮರಾಜ ಯೋಜನೆ ಬಂದಾಗ ಗೃಹಖಾತೆಯನ್ನೂ ಬಿಟ್ಟುಕೊಟ್ಟು ಹೊರಬಂದರು.

ಕೃಷ್ಣೆಯ ದಡದಲ್ಲಿ

1964ರ ಜನವರಿಯಲ್ಲಿ ನೆಹರೂ ಅವರ ಆರೋಗ್ಯ ಕುಸಿಯಿತು. ಅವರಿಗೆ ನೆರವಾಗಲು ಶಾಸ್ತ್ರಿಯವರು ನಿರ್ದಿಷ್ಟ ಖಾತೆಯಿಲ್ಲದ ಮಂತ್ರಿಗಳಾಗಿ ಸಂಪುಟಕ್ಕೆ ಮರಳಿದರು. ಶ್ರೀನಗರದ ಹಜರತ್‌ಬಾಲ್ ಪ್ರಾರ್ಥನಾ ಮಂದಿರದ ಪವಿತ್ರ ಅವಶೇಷ ಕಳುವಾಗಿ ಮರಳಿ ದೊರೆತಿದ್ದರೂ, ಅದರ ನೈಜತೆಯ ಬಗ್ಗೆ ಜನರ ಸಂಶಯ ತಣಿದಿರಲಿಲ್ಲ. ಕಾಶ್ಮೀರ ಕಣಿವೆ ಕುದಿಯುತ್ತಿದ್ದಾಗ ಅಲ್ಲಿಗೆ ತೆರಳಿ, ಧಾರ್ಮಿಕ ಹಿರಿಯರು ಅದನ್ನು ಪರಿಶೀಲಿಸಿ ಒಪ್ಪುವಂತೆ ಮಾಡಿ ಶಾಂತಿಯನ್ನು ನೆಲೆಗೊಳಿಸಿದವರು ಅವರು. ಅನ್ಯ ಮತದವರ ಭಕ್ತಿಯನ್ನು ಗೌರವದಿಂದ ಕಾಣುವ ಅವರ ಗುಣ ಅಂದು ದೇಶಕ್ಕೆ ಒದಗಿತು.

ಅದೇ ಅವಧಿಯಲ್ಲಿ ನಮ್ಮ ನಾಡಿಗೂ ಅವರ ಹೆಜ್ಜೆ ತಾಗಿತು. ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, 1964ರ ಮೇ 22ರಂದು, ಅಂದಿನ ವಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಕಟ್ಟಲಿದ್ದ ಅಣೆಕಟ್ಟೆಗೆ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ, ಹೊಲದ ಪಕ್ಕದಲ್ಲೇ ನದಿ ಹರಿದರೂ ಮಳೆಗಾಗಿ ಮುಗಿಲು ನೋಡುತ್ತಿದ್ದ ರೈತರ ಎದುರು ನಡೆದ ಕಾರ್ಯ ಅದು. ಅದಾದ ಐದನೆಯ ದಿನ, ಮೇ 27ರಂದು, ನೆಹರೂ ಅವರು ನಿಧನರಾದರು. ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟು ಹೋದವರು ಮೂರು ವಾರ ಕಳೆಯುವುದರೊಳಗೆ ದೇಶದ ಪ್ರಧಾನಿಗಳಾದರು.

ಅಡಿಗಲ್ಲಿನಿಂದ ಅಣೆಕಟ್ಟೆಯವರೆಗಿನ ಹಾದಿ ದೀರ್ಘವಾಯಿತು. ಕೆಲಸ ಪೂರ್ಣಗೊಳ್ಳಲು ದಶಕಗಳೇ ಬೇಕಾದವು. ಈ ನೀರಿಗಾಗಿ ಮನೆ, ಹೊಲ, ಗುಡಿ, ಹಿರಿಯರ ಸಮಾಧಿಗಳನ್ನು ಬಿಟ್ಟು ಎದ್ದುಬಂದ ಸಾವಿರಾರು ಕುಟುಂಬಗಳು ನಮ್ಮ ನಡುವೆ ಇವೆ. ಹಳೆಯ ಬಾಗಲಕೋಟೆಯ ಬಹುಭಾಗ ಹಿನ್ನೀರಿಗೆ ಸೇರಿತು. ಅತ್ತ ಕೆಳಗಿನ ಊರುಗಳಲ್ಲಿ ಕಾಲುವೆಯ ನೀರು ಹರಿದು ಹೊಲಗಳು ಹಸಿರಾದವು. ಇಂದು ಆ ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂಬ ಹೆಸರಿದೆ. ಒಬ್ಬರು ಬಿಟ್ಟುಕೊಟ್ಟದ್ದರಿಂದ ಇನ್ನೊಬ್ಬರ ಹಸಿವು ಹಿಂಗುವ ಸ್ಥಳಕ್ಕೆ ಆ ಹೆಸರು ಬಂದದ್ದು ಉಚಿತವೇ ಆಗಿದೆ. ಬಿಟ್ಟುಕೊಟ್ಟವರ ಋಣವನ್ನು ನೀರುಂಡವರು ಮರೆಯಬಾರದೆಂಬ ಎಚ್ಚರಿಕೆಯೂ ಅದರಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಹಸಿವಿನ ವರ್ಷಗಳು

ನೆಹರೂ ಅವರ ನಂತರ ಯಾರು ಎಂಬ ಪ್ರಶ್ನೆ ದೇಶವನ್ನು ಬಹುಕಾಲ ಕಾಡಿತ್ತು. ಕಾಂಗ್ರೆಸ್ ಅಧ್ಯಕ್ಷ ಕಾಮರಾಜರು ಎಲ್ಲರ ಅಭಿಪ್ರಾಯ ಪಡೆದು ಒಮ್ಮತವನ್ನು ಮೂಡಿಸಿದರು. ನಿಜಲಿಂಗಪ್ಪನವರೂ ಶಾಸ್ತ್ರಿಯವರ ಪರವಾಗಿದ್ದ ಹಿರಿಯರಲ್ಲಿ ಒಬ್ಬರು. 1964ರ ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಮಂತ್ರಿಗಳಾಗಿ ಪ್ರಮಾಣ ಸ್ವೀಕರಿಸಿದರು. ಗಿಡ್ಡ ಆಕೃತಿಯ, ಮೆಲುಮಾತಿನ ಈ ಮನುಷ್ಯ ಇಷ್ಟು ದೊಡ್ಡ ಭಾರವನ್ನು ಹೊರಬಲ್ಲರೇ ಎಂದು ದೇಶದ ಒಳಗೂ ಹೊರಗೂ ಅನುಮಾನಪಟ್ಟವರು ಕಡಿಮೆಯಿರಲಿಲ್ಲ.

ಅವರ ಮುಂದಿದ್ದ ಮೊದಲ ಸವಾಲು ಅನ್ನದ್ದು. ಅಮೆರಿಕದಿಂದ ಹಡಗುಗಳಲ್ಲಿ ಬರುತ್ತಿದ್ದ ಗೋಧಿಯನ್ನು ದೇಶ ನೆಚ್ಚಿಕೊಂಡಿತ್ತು. ಶಾಸ್ತ್ರಿಯವರು ಸಿ. ಸುಬ್ರಹ್ಮಣ್ಯಂ ಅವರಿಗೆ ಆಹಾರ ಮತ್ತು ಕೃಷಿ ಖಾತೆಯನ್ನು ವಹಿಸಿ, ಅವರ ಹೊಸ ಯೋಜನೆಗಳಿಗೆ ಬೆಂಬಲವಾಗಿ ನಿಂತರು. ರೈತನ ಬೆಳೆಗೆ ನ್ಯಾಯವಾದ ಬೆಲೆಯನ್ನು ಸೂಚಿಸಲು ಕೃಷಿ ಬೆಲೆ ಆಯೋಗವೂ, ಧಾನ್ಯವನ್ನು ಕೊಂಡು ಸಂಗ್ರಹಿಸಿ ಹಂಚಲು ಭಾರತೀಯ ಆಹಾರ ನಿಗಮವೂ 1965ರ ಆರಂಭದಲ್ಲಿ ಸ್ಥಾಪನೆಯಾದವು. ಅಧಿಕ ಇಳುವರಿಯ ಗೋಧಿ ತಳಿಗಳನ್ನು ತರುವ ಹಾದಿಯೂ ಆಗಲೇ ತೆರೆಯಿತು. ಮುಂದೆ ಹಸಿರು ಕ್ರಾಂತಿ ಎಂದು ಹೆಸರಾದ ಬೆಳವಣಿಗೆಗೆ ಇವು ತಳಹದಿಯಾದವು.

ಹಾಲಿನ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯೂ ಗಮನಾರ್ಹವಾದುದು. 1964ರ ಅಕ್ಟೋಬರ್ ಕೊನೆಯಲ್ಲಿ ಗುಜರಾತಿನ ಆಣಂದಕ್ಕೆ ಹಾಲು ಸಹಕಾರ ಸಂಘದ ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಹೋದಾಗ, ಅದರ ಹಿಂದಿನ ರಾತ್ರಿಯನ್ನು ಹತ್ತಿರದ ಒಂದು ಹಳ್ಳಿಯ ರೈತರ ಮನೆಯಲ್ಲಿ ಕಳೆದರು. ಊರಿನ ಗಂಡಸರು, ಹೆಂಗಸರು, ಎಲ್ಲ ಜಾತಿ ಮತಗಳ ಬಡವರೊಡನೆ ಕುಳಿತು, ಈ ಸಹಕಾರ ಸಂಘ ಯಶಸ್ವಿಯಾದದ್ದು ಹೇಗೆಂದು ವಿಚಾರಿಸಿದರು. ಹೈನುಗಾರರೇ ಸಂಘದ ಒಡೆಯರು ಎಂಬುದರಲ್ಲಿ ಅದರ ಗುಟ್ಟಿದೆ ಎಂದು ಅವರು ಕಂಡುಕೊಂಡರು. ದೇಶದ ತುಂಬ ಇಂಥ ಸಂಘಗಳು ಬೆಳೆಯಬೇಕೆಂದು ವರ್ಗೀಸ್ ಕುರಿಯನ್ ಅವರನ್ನು ಕೋರಿದರು. ಅದರ ಫಲವಾಗಿ 1965ರಲ್ಲಿ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ದೆಹಲಿಯಲ್ಲಿ ಅಲ್ಲದೆ ಆಣಂದದಲ್ಲಿಯೇ ಜನ್ಮ ತಾಳಿತು. ಇಂದು ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ತಾಯಂದಿರ ಬದುಕಿಗೂ ಆ ರಾತ್ರಿಗೂ ನಂಟಿದೆ.

1965ರಲ್ಲಿ ಮುಂಗಾರು ಕೈಕೊಟ್ಟಿತು. ಯುದ್ಧವೂ ಎರಗಿತು. ಹೊರಗಿನ ಧಾನ್ಯಕ್ಕಾಗಿ ಕೈಚಾಚಿದರೆ ಅದರೊಂದಿಗೆ ಒತ್ತಡವೂ ಬರುವ ಸ್ಥಿತಿ ಉಂಟಾಯಿತು. ಆಗ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡುವಂತೆ ದೇಶವನ್ನು ಕೇಳಲು ಯೋಚಿಸಿದರು. ಆದರೆ ಕೇಳುವ ಮೊದಲು ಅದನ್ನು ತಮ್ಮ ಮನೆಯಲ್ಲಿ ಆಚರಣೆಗೆ ತಂದರು. ಒಂದು ಸಂಜೆ ಒಲೆ ಹಚ್ಚದಿರುವಂತೆ ಲಲಿತಾ ದೇವಿಯವರಿಗೆ ಹೇಳಿ, ತಮ್ಮ ಮಕ್ಕಳು ಹಸಿವನ್ನು ತಾಳಬಲ್ಲರೇ ಎಂದು ನೋಡಿ, ತಾಳಬಲ್ಲರೆಂದು ಖಚಿತವಾದ ಮೇಲೆಯೇ ಜನರ ಮುಂದೆ ಬಂದರು. ಸೋಮವಾರ ಸಂಜೆಯ ಊಟವನ್ನು ಲಕ್ಷಾಂತರ ಮನೆಗಳು ಬಿಟ್ಟವು. ಹೋಟೆಲುಗಳು ಆ ಹೊತ್ತು ಬಾಗಿಲು ಮುಚ್ಚಿದವು. ಯಾವ ಕಾನೂನೂ ಇರಲಿಲ್ಲ, ದಂಡವೂ ಇರಲಿಲ್ಲ. ಪ್ರಧಾನಿಗಳ ಅಧಿಕೃತ ನಿವಾಸದ ಹುಲ್ಲುಹಾಸನ್ನು ಉತ್ತು ಅಲ್ಲಿ ಬೆಳೆ ಇಟ್ಟದ್ದೂ ಆಗಲೇ. ಆ ತುಂಡು ನೆಲದ ಬೆಳೆಯಿಂದ ದೇಶದ ಕಣಜ ತುಂಬುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ನೇಗಿಲು ಯಾವ ಸಾಲಿನಲ್ಲಿ ನಡೆಯುತ್ತಿದೆ ಎಂಬುದನ್ನು ಜನರು ಕಂಡರು.

ಯುದ್ಧ ಮತ್ತು ಶಾಂತಿ

ಅದೇ ವರ್ಷದ ಆರಂಭದಲ್ಲಿ ಭಾಷೆಯ ಪ್ರಶ್ನೆಯೂ ಹೊತ್ತಿಕೊಂಡಿತ್ತು. ಹಿಂದಿಯೇ ಏಕೈಕ ಆಡಳಿತ ಭಾಷೆಯಾಗುವುದೆಂಬ ಆತಂಕದಿಂದ ಮದ್ರಾಸ್ ರಾಜ್ಯದಲ್ಲಿ ಯುವಜನರು ಬೀದಿಗಿಳಿದರು, ಜೀವಗಳೂ ಹೋದವು. ಹಿಂದಿ ನಾಡಿನವರೇ ಆದ ಶಾಸ್ತ್ರಿಯವರು ಹಟ ಹಿಡಿಯಲಿಲ್ಲ. ಹಿಂದಿಯೇತರ ರಾಜ್ಯಗಳು ಬಯಸುವವರೆಗೆ ಇಂಗ್ಲಿಷ್ ಮುಂದುವರಿಯುವುದೆಂಬ ನೆಹರೂ ಅವರ ಭರವಸೆಯನ್ನು ಆಕಾಶವಾಣಿಯಲ್ಲಿ ಪುನಃ ದೃಢಪಡಿಸಿದರು. ಕನ್ನಡಿಗರಾದ ನಮಗೂ ಸಂಬಂಧಿಸಿದ ಭರವಸೆ ಅದು.

ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನವು ಕಾಶ್ಮೀರದೊಳಗೆ ಶಸ್ತ್ರಸಜ್ಜಿತ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಛಂಬ್ ವಲಯದಲ್ಲಿ ಟ್ಯಾಂಕುಗಳೊಂದಿಗೆ ಮುನ್ನುಗ್ಗಿತು. 1962ರ ಸೋಲಿನ ಗಾಯ ಇನ್ನೂ ಮಾಯದಿದ್ದ ಸೇನೆಗೆ ಶಾಸ್ತ್ರಿಯವರು ಅಂತರರಾಷ್ಟ್ರೀಯ ಗಡಿಯನ್ನು ದಾಟುವ ಅನುಮತಿ ಕೊಟ್ಟರು. ಸೆಪ್ಟೆಂಬರ್ 6ರಂದು ಭಾರತದ ಪಡೆಗಳು ಲಾಹೋರಿನ ದಿಕ್ಕಿಗೆ ಸಾಗಿದವು. ಮೆಲುಮಾತಿನ ಈ ಪ್ರಧಾನಿಗಳಿಂದ ಇಂಥ ನಿರ್ಧಾರವನ್ನು ಎದುರಾಳಿಗಳು ನಿರೀಕ್ಷಿಸಿರಲಿಲ್ಲ. ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. ಗಡಿ ಕಾಯುವ ಯೋಧನನ್ನೂ ಅನ್ನ ಬೆಳೆಯುವ ರೈತನನ್ನೂ ಒಂದೇ ಉಸಿರಿನಲ್ಲಿ ಸ್ಮರಿಸುವ ಶಾಸ್ತ್ರಿಯವರ ಘೋಷಣೆ ಹುಟ್ಟಿದ್ದು ಈ ದಿನಗಳಲ್ಲೇ. ಇಂದಿಗೂ ಅದು ನಮ್ಮ ಮಕ್ಕಳ ಬಾಯಲ್ಲಿದೆ. ಯೋಧನಿಗೆ ದೇಶ ಯಾವಾಗಲೂ ಜಯಕಾರ ಹಾಕಿತ್ತು. ಹೊಲದಲ್ಲಿ ಬೆವರು ಸುರಿಸುವವನ ಕಾಯಕವೂ ದೇಶ ಕಾಯುವ ಕೆಲಸವೇ ಎಂದು ಅವನನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದು ಶಾಸ್ತ್ರಿಯವರ ದೊಡ್ಡತನ.

ಯುದ್ಧವನ್ನು ಎದುರಿಸಿದವರೇ ಶಾಂತಿಯ ಹೊಣೆಯನ್ನೂ ಹೊರಬೇಕಾಯಿತು. ಸೋವಿಯತ್ ಒಕ್ಕೂಟದ ಪ್ರಧಾನಿ ಕೊಸಿಗಿನ್ ಅವರ ಆಹ್ವಾನದ ಮೇರೆಗೆ 1966ರ ಜನವರಿಯಲ್ಲಿ ತಾಷ್ಕೆಂಟ್ ನಗರದಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರೊಡನೆ ಮಾತುಕತೆ ನಡೆಯಿತು. ಜನವರಿ 10ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. 1965ರ ಆಗಸ್ಟ್ 5ಕ್ಕೆ ಮೊದಲು ಇದ್ದ ನೆಲೆಗಳಿಗೆ ಎರಡೂ ಸೇನೆಗಳು ಹಿಂತಿರುಗಬೇಕೆಂಬುದು ಅದರ ಮುಖ್ಯ ಅಂಶ. ನಮ್ಮ ಯೋಧರು ರಕ್ತ ಚೆಲ್ಲಿ ಗೆದ್ದ ಹಾಜಿ ಪೀರ್ ಕಣಿವೆಯನ್ನೂ ಮರಳಿಸಬೇಕಾಯಿತು. ಇದು ಸರಿಯೇ ಎಂದು ಅಂದು ಅನೇಕರು ನೊಂದು ಕೇಳಿದರು. ಮಡಿದವರ ಮನೆಯವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಪೂರ್ತಿಯಾಗಿ ಇತ್ತು. ದೇಶದ ಒಳಗೆ ಚಪ್ಪಾಳೆ ಸಿಗದ ನಿರ್ಧಾರವೆಂದು ಶಾಸ್ತ್ರಿಯವರಿಗೂ ತಿಳಿದಿತ್ತು. ಎರಡು ಬಡ ದೇಶಗಳು ಮತ್ತೆ ಯುದ್ಧಕ್ಕಿಳಿದರೆ ಹಸಿದವರ ಗತಿಯೇನು ಎಂಬ ಚಿಂತೆ ಅವರದಾಗಿತ್ತು. ಆ ಒಪ್ಪಂದವನ್ನು ದೇಶಕ್ಕೆ ಬಂದು ವಿವರಿಸುವ ಅವಕಾಶ ಅವರಿಗೆ ದೊರೆಯಲಿಲ್ಲ.

ಅದೇ ರಾತ್ರಿ, ಜನವರಿ 11 ಆರಂಭವಾಗಿ ಒಂದೆರಡು ಗಂಟೆಗಳಲ್ಲಿ, ತಾಷ್ಕೆಂಟಿನಲ್ಲಿಯೇ ಹೃದಯಾಘಾತದಿಂದ ಶಾಸ್ತ್ರಿಯವರು ಕೊನೆಯುಸಿರೆಳೆದರೆಂದು ಪ್ರಕಟಿಸಲಾಯಿತು. ಆ ಸಾವಿನ ಸುತ್ತ ಎದ್ದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಆ ಚರ್ಚೆಯಲ್ಲಿ ಮುಳುಗಿ ಅವರ ಬದುಕನ್ನು ಮರೆಯುವಂತಾಗಬಾರದು ಎಂಬುದಷ್ಟೇ ನಮ್ಮ ಆಶಯ. ತಾಷ್ಕೆಂಟಿನಲ್ಲಿ ಅವರ ಪಾರ್ಥಿವ ಶರೀರವನ್ನು ವಿಮಾನಕ್ಕೆ ಸಾಗಿಸುವಾಗ ಹೆಗಲು ಕೊಟ್ಟವರಲ್ಲಿ ಅಯೂಬ್ ಖಾನರೂ ಇದ್ದರು. ನಾಲ್ಕು ತಿಂಗಳ ಹಿಂದೆ ಯುದ್ಧಭೂಮಿಯಲ್ಲಿ ಎದುರಾಳಿಯಾಗಿದ್ದವರು ಆ ಹೊತ್ತಿನಲ್ಲಿ ಶವಪೆಟ್ಟಿಗೆಗೆ ಹೆಗಲಾದರು.

ಉಳಿಸಿ ಹೋದದ್ದು

ಪ್ರಧಾನಮಂತ್ರಿಗಳಾಗಿ ಶಾಸ್ತ್ರಿಯವರಿಗೆ ದೊರೆತ ಕಾಲ ಹತ್ತೊಂಬತ್ತು ತಿಂಗಳು ಮಾತ್ರ. ದೇಶ ಅವರಿಗೆ ಮರಣೋತ್ತರವಾಗಿ ಭಾರತರತ್ನವನ್ನು ಅರ್ಪಿಸಿತು. ಮರಣಾನಂತರ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ದೆಹಲಿಯ ವಿಜಯಘಾಟ್‌ನಲ್ಲಿ ಅವರ ಸಮಾಧಿಯಿದೆ. ದೇಶದ ಆಡಳಿತಾಧಿಕಾರಿಗಳು ತರಬೇತಿ ಪಡೆಯುವ ಮಸ್ಸೂರಿಯ ಅಕಾಡೆಮಿಗೂ ಅವರದೇ ಹೆಸರು.

ಮನೆಯವರಿಗೆ ಅವರು ಬಿಟ್ಟುಹೋದದ್ದು ಒಂದು ಸಾಲ. ಪ್ರಧಾನಿಗಳಾದ ಮೇಲೆ ಮಕ್ಕಳ ಒತ್ತಾಸೆಗೆ ಮಣಿದು ಸುಮಾರು 12,000 ರೂಪಾಯಿ ಬೆಲೆಯ ಫಿಯೆಟ್ ಕಾರನ್ನು ಕೊಳ್ಳಲು ಹೊರಟಾಗ ಅವರ ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಪಡೆದರು. ಅದು ತೀರುವ ಮೊದಲೇ ಅವರು ತೀರಿಹೋದರು. ಲಲಿತಾ ದೇವಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ಕಂತುಗಳಲ್ಲಿ ತೀರಿಸಿದರೆಂದು ಅವರ ಮಕ್ಕಳು ನೆನೆಯುತ್ತಾರೆ. ಪತಿಯ ಮಾತನ್ನು ಅವರ ನಂತರವೂ ಉಳಿಸಿದ ಆ ತಾಯಿಗೆ ನಾವು ನಮಿಸುತ್ತೇವೆ.

ಇಂದು ನಮ್ಮ ನಡುವೆಯೂ ಹೊಣೆ ಹೊತ್ತವರು ಅನೇಕರಿದ್ದಾರೆ. ಶಾಲೆಗಳನ್ನು ನಡೆಸುವವರು, ಸಹಕಾರ ಸಂಘಗಳ ಅಧ್ಯಕ್ಷರು, ಗ್ರಾಮ ಪಂಚಾಯಿತಿಯ ಸದಸ್ಯರು, ದಾಸೋಹದ ಉಗ್ರಾಣದ ಕೀಲಿ ಇಟ್ಟುಕೊಂಡವರು, ಮನೆಯ ಹಿರಿಯರು. ಇವರೆಲ್ಲರೂ ಒಂದಲ್ಲ ಒಂದು ದಿನ ಇತರರಿಂದ ಸಮಯ, ಹಣ, ತಾಳ್ಮೆ, ತ್ಯಾಗಗಳನ್ನು ಕೇಳಲೇಬೇಕಾಗುತ್ತದೆ. ಆಗ ಶಾಸ್ತ್ರಿಯವರ ಬದುಕು ನಮ್ಮ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತದೆ. ಇತರರಿಂದ ಕೇಳುತ್ತಿರುವುದನ್ನು ನಮ್ಮ ಮನೆಯಲ್ಲಿ ಮೊದಲು ಮಾಡಿದ್ದೇವೆಯೇ? ಕೆಲಸ ಕೆಟ್ಟಾಗ ಬೆರಳು ತೋರಿಸಲು ಇನ್ನೊಬ್ಬರನ್ನು ಹುಡುಕುವ ಮೊದಲು ನಾವೇ ಮುಂದೆ ಬಂದು ನಿಂತಿದ್ದೇವೆಯೇ?

ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಲು ಯತ್ನಿಸಿದರೆ, ಅಕ್ಟೋಬರ್ 2ರಂದು ಅವರ ಭಾವಚಿತ್ರಕ್ಕೆ ಹಾಕುವ ಹಾರಕ್ಕೆ ಅರ್ಥ ಬರುತ್ತದೆ.